ಅರವತ್ತೆಂಟರ ರೀಲಿನ ಎಂಟನೇ ಚಿತ್ರ

ಕಣ್ಣು ಮಿಟುಕಿಸಿದನೆಂದು ಸೂರ್ಯನನ್ನು ಬೈದು, ವಾಪಸು ಕಳಿಸಿ, ಎರಡನೇ ಸಲ ಹುಟ್ಟಿಸಿ ಫೋಟೋ ತೆಗೆದವನು ಈ ಭೂಮಿಯ ಮೇಲೆ ನಾನೊಬ್ಬನೇ. ಆ ದಿನ ನಮ್ಮೂರಿನ ಹುಂಜಗಳು ಎರಡು ಸಲ ಕೂಗಿದವು, ಹಾಲಿನವರು ಎರಡು ಸಲ ಹಾಲು ಹಾಕಿಹೋದರು. ನಂಬಿಕೆ ಬಾರದಿದ್ದರೆ ಆ ಹುಂಜಗಳನ್ನೇ ಕೇಳಬಹುದಿತ್ತು, ಆದರೆ ಅವೆಲ್ಲ ಸಾರಾಗಿ ಬಹಳ ದಿನವಾಯಿತು. ಅಂಥ ನನಗೆ, ಗುರುಪಾದನಿಗೆ, ಇಪ್ಪತ್ತಾರು ವರ್ಷಗಳಿಂದ ಈ ಊರಿನ ಹೋದ ಕಾಲವನ್ನೆಲ್ಲ ಡಬ್ಬಿಯಲ್ಲಿ ಹಿಡಿದುಕೊಟ್ಟವನಿಗೆ, ಪುರಸಭೆಯ ಗುಮಾಸ್ತ ವಾಮನರಾಯ ನೋಟಿಸು ಕಳಿಸಿದ. ಕೈಗೆ ಕೊಟ್ಟಿದ್ದರೆ ಒಂದು ಮಾತು. ಸ್ಟುಡಿಯೋದ ಗಾಜಿನ ಮೇಲೆ, ಒಳಗಿದ್ದ ಮದುಮಗನ ಫೋಟೋದ ಮುಖಕ್ಕೆ ಸರಿಯಾಗಿ, ಅನ್ನದ ಅಗುಳು ಹಚ್ಚಿ ಅಂಟಿಸಿ ಹೋದ. 'ಸದರಿ ಚಿತ್ರವನ್ನು ತಾವೇ ತೆಗೆದಿರುವಿರೆಂದು ಖಾತ್ರಿಪಡಿಸಲು ಬುಧವಾರ ಹನ್ನೊಂದು ಗಂಟೆಗೆ ಹಾಜರಾಗತಕ್ಕದ್ದು.' ಖಾತ್ರಿಯಂತೆ! ಮೊಸಳೆಯನ್ನು ಕರೆದು ನಿನಗೆ ಈಜು ಬರುತ್ತದೆಂಬುದಕ್ಕೆ ಪುರಾವೆ ಏನು ಎಂದು ಕೇಳಿದ ಹಾಗಾಯಿತು. ನನಗೆ ಬಂದ ಸಿಟ್ಟಿಗೆ ಗಾಜು ತಾನಾಗಿಯೇ ಬಿಸಿಯಾಗಿ, ಅಗುಳು ಒಣಗಿ, ನೋಟಿಸು ಕೆಳಗೆ ಬಿತ್ತು.

ಹೊಸ ರೀಲು ಹಾಕಿ ಫೋಟೋ ತೆಗೆಯುವುದು ಒಂದು ವಿದ್ಯೆಯೇ? ಎದುರಿಗೆ ಇದ್ದದ್ದು ಬರುತ್ತದೆ, ಅದನ್ನು ಕನ್ನಡಿಯೂ ಮಾಡುತ್ತದೆ. ನಮ್ಮೂರಿನಲ್ಲಿ ಮರ್ಯಾದೆ ಇರುವುದು ಅವಧಿ ಮುಗಿದ ರೀಲಿಗೆ. ಪೆಟ್ಟಿಗೆಯ ಮೇಲೆ ಯಾವ ಇಸವಿಯೊಳಗೆ ಬಳಸಬೇಕೆಂದು ಒತ್ತಿರುತ್ತದೋ ಆ ಇಸವಿ ಚಿತ್ರದಲ್ಲಿ ಬರುತ್ತದೆ. ತಾರೀಕು ಇವತ್ತಿನದು, ಹೊತ್ತು ಈಗಿನದು, ಇಸವಿ ಮಾತ್ರ ಪೆಟ್ಟಿಗೆಯದು. ಹಾಗಾಗಿ ನಮ್ಮಲ್ಲಿ ಹಳೆಯ ರೀಲುಗಳನ್ನು ಜನ ಅಕ್ಕಿ ಮಡಕೆಯ ತಳದಲ್ಲಿ, ಹಾಸಿಗೆಯ ಹತ್ತಿಯೊಳಗೆ ಬಚ್ಚಿಡುತ್ತಾರೆ. ಹಿತ್ತಲ ಗೋಡೆ ಯಾರದು, ಮುಚ್ಚಿದ ಬಾವಿ ಎಲ್ಲಿತ್ತು, ಅಜ್ಜಿ ಮೂಗುತಿಯನ್ನು ಎಡಕ್ಕೆ ಹಾಕುತ್ತಿದ್ದಳೋ ಬಲಕ್ಕೋ, ಎಲ್ಲ ಜಗಳವೂ ಕೊನೆಗೆ ನನ್ನ ಸ್ಟುಡಿಯೋದ ಬಾಗಿಲಿಗೆ ಬರುತ್ತದೆ. ನನ್ನ ಡಬ್ಬಿ ಕ್ಯಾಮೆರಾ ನನಗಿಂತ ಮೂವತ್ತು ವರ್ಷ ದೊಡ್ಡದು. ತಗಡಿನ ಮೈ, ಮೇಲೆ ಕಪ್ಪು ಚರ್ಮ, ಹಿಂದೆ ಚಿತ್ರದ ಲೆಕ್ಕ ನೋಡಲು ಕಡಲೆ ಗಾತ್ರದ ಕೆಂಪು ಕಿಟಕಿ. ಅದನ್ನು ಸ್ಟೂಲಿನ ಮೇಲೆ ಇಟ್ಟು, ಬಗ್ಗಿ, ಮೇಲಿನ ಗಾಜಿನೊಳಗೆ ನೋಡಿಕೊಂಡು, ಪಕ್ಕದ ಕಡ್ಡಿ ಒತ್ತಬೇಕು. ಒಂದು ರೀಲಿಗೆ ಎಂಟೇ ಚಿತ್ರ.

ಕಡ್ಡಿ ಒತ್ತಿ ಬಿಟ್ಟರಾಯಿತೆಂದು ತಿಳಿದವರು ಗೇಲಿಗೆ ಈಡಾಗುತ್ತಾರೆ. ರೀಲು ಹಳೆಯದಾದಷ್ಟೂ ಅದರ ಕಣ್ಣು ಮಂಜು. ಹತ್ತು ವರ್ಷಕ್ಕೊಂದರಂತೆ ಎಣಿಸುತ್ತಾ ಕಡ್ಡಿಯನ್ನು ಒತ್ತಿಯೇ ಹಿಡಿಯಬೇಕು, ಮೊದಲೇ ಬಿಟ್ಟರೆ ಚಿತ್ರ ಮೂಡುವುದಿಲ್ಲ. ಎಣಿಕೆ ಮುಗಿಯುವವರೆಗೆ ಒತ್ತಿದವರಿಗೆ ಗಾಜಿನಲ್ಲಿ ಆ ಕಾಲದವರು ಕಾಣುತ್ತಾರೆ, ಆ ಕಾಲದವರಿಗೆ ಕ್ಯಾಮೆರಾದ ಹತ್ತಿರ ನಿಂತವರು ಕಾಣುತ್ತಾರೆ. ಅದಕ್ಕೇ ಒತ್ತುವ ಮೊದಲು ಗಂಟೆ ಬಾರಿಸಬೇಕೆಂಬ ನಿಯಮ. ಹಿಂದೊಮ್ಮೆ ಯಾರೋ ಗಂಟೆಯಿಲ್ಲದೆ ಒತ್ತಿದ್ದರಿಂದ, ಐವತ್ತೆರಡನೇ ಇಸವಿಯಲ್ಲಿ ಎತ್ತು ಬೆದರಿ ಗಾಡಿ ಹಳ್ಳಕ್ಕೆ ಬಿತ್ತು. ಗಾಡಿಯವನ ಮೊಮ್ಮಗ ಇವತ್ತಿಗೂ ಆ ಮನೆಯವರ ಜೊತೆ ಮಾತಾಡುವುದಿಲ್ಲ. ಇನ್ನು, ಚಿಕ್ಕಂದಿನಲ್ಲಿ ಹೀಗೆ ಮುಂದಿನ ಕಾಲದವರನ್ನು ಕಂಡವರು, ಆ ಚಿತ್ರ ತೆಗೆಯುವ ದಿನ ಬರುವವರೆಗೆ ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಹಲ್ಲಿನ ಹಿಂದೆ ಇಟ್ಟುಕೊಳ್ಳುವುದು ಎನ್ನುತ್ತಾರೆ ಅದಕ್ಕೆ. ನಮ್ಮೂರಿನ ಮುದುಕರು ದವಡೆ ಬಿಗಿಹಿಡಿದು ಓಡಾಡುವುದನ್ನು ಕಂಡು ಪರವೂರಿನವರು ಹಲ್ಲುನೋವು ಎಂದುಕೊಳ್ಳುತ್ತಾರೆ.

ಈಗ ನೋಟಿಸಿಗೆ ಕಾರಣವಾದ ಸಂಗತಿ ಹೇಳುತ್ತೇನೆ, ನಿಮಗೂ ಸಿಟ್ಟು ಬರದಿದ್ದರೆ ಕೇಳಿ. ನಮ್ಮ ಪುರಸಭೆಯ ಅಧ್ಯಕ್ಷರಿಗೆ ತಮ್ಮ ಅಜ್ಜನ ಪುತ್ಥಳಿ ನಿಲ್ಲಿಸುವ ಹುಚ್ಚು ಹಿಡಿಯಿತು. ಅಜ್ಜನಿಗೆ ಮೀಸೆ ಇತ್ತೋ ಇಲ್ಲವೋ ಎಂದು ಮನೆಯವರಲ್ಲೇ ಜಗಳ. ಊರಿನಲ್ಲಿ ಉಳಿದಿದ್ದ ಅರವತ್ತೆಂಟನೇ ಇಸವಿಯ ಒಂದೇ ಒಂದು ರೀಲು ನನ್ನ ಹತ್ತಿರ ಇತ್ತು. ಅದರ ಏಳು ಚಿತ್ರಗಳನ್ನು ಅವರೇ ತಿಂದರು. ಮೊದಲನೆಯದರಲ್ಲಿ ಅಜ್ಜ ಪಂಚೆ ಸರಿಮಾಡಿಕೊಳ್ಳುತ್ತಿದ್ದ, ಎರಡನೆಯದರಲ್ಲಿ ಆಕಳಿಸುತ್ತಿದ್ದ, ಮೂರನೆಯದರಲ್ಲಿ ಎಮ್ಮೆ ಅಡ್ಡ ಬಂತು. ಏಳನೆಯದರಲ್ಲಿ ಅಂತೂ ಮೀಸೆ ಸಿಕ್ಕಿತು. ಅದು ಸಾಲದೆಂಬಂತೆ, ಪುತ್ಥಳಿಗೆ ಆರಿಸಿದ ಜಾಗ ಯಾವುದು ಗೊತ್ತೇ? ಅರಳೆ ಗೋದಾಮಿನ ಮೆಟ್ಟಿಲು! ಐದು ಮೆಟ್ಟಿಲಿನ ಆ ಸಾಲಿನಲ್ಲಿ, ಮೂರನೆಯದರ ಮೇಲೆ ಜೈತೂನಬಿ ಬಳೆ ಬುಟ್ಟಿ ಇಟ್ಟುಕೊಂಡು ಕೂರುತ್ತಾಳೆ. ಎಪ್ಪತ್ತನೇ ಇಸವಿಗಿಂತ ಮೊದಲಿನಿಂದ ಕೂತವರನ್ನು ಎಬ್ಬಿಸುವಂತಿಲ್ಲವೆಂದು ಪುರಸಭೆಯದೇ ಕಾಯಿದೆ. ಜೈತೂನಬಿ ತನ್ನ ತಾಯಿಯ ಕಾಲದಿಂದ ಅಲ್ಲೇ ಎಂದಳು. ಪುರಾವೆ ಎಂದರು. ಇಲ್ಲದಿದ್ದರೆ ಊರಾಚೆಯ ಹೊಸ ಸಂತೆಕಟ್ಟೆಯ ಮಹಡಿಗೆ ಹೋಗಬೇಕು. ನಲವತ್ತೆರಡು ಮೆಟ್ಟಿಲು. ಅವಳ ಮೊಣಕಾಲು ಏಳನೆಯದಕ್ಕೇ ಅಲ್ಲಾಹ್ ಎನ್ನುತ್ತವೆ. ಮೇಲಾಗಿ ಬಳೆ ಇಡಿಸಿಕೊಳ್ಳಲು ಬರುವ ಬಸುರಿಯರು ಮಹಡಿ ಹತ್ತುತ್ತಾರೆಯೇ?

ಅವಳು ಸ್ಟುಡಿಯೋಕ್ಕೆ ಬಂದಾಗ ನಾನು ಗಿರಾಕಿಯೊಬ್ಬನಿಗೆ ಸೂರ್ಯನ ಕಥೆ ಹೇಳುತ್ತಿದ್ದೆ.

"ಗುರುಪಾದಣ್ಣಾ, ಆ ಅರವತ್ತೆಂಟರ ರೀಲಿನ್ಯಾಗ ಇನ್ನೊಂದು ಚಿತ್ರ ಉಳದೈತಂತ ಹೌದಾ?"

"ಉಳದೈತಿ ಅಂದ್ರ? ನಾ ಉಳಿಸೇನಿ! ಅಧ್ಯಕ್ಷ ನನ್ನ ಕಾಲು ಹಿಡಕೊಂಡು ಅತ್ತ, ಇನ್ನೊಂದು ಹೊಡಿ ಅಂತ. ನಾ ಅಂದೆ, ತಲಿ ಹೋದ್ರೂ..."

"ಯಾರರೆ ಉಳಿಸಲಿ ಯಪ್ಪಾ. ಐತಿಲ್ಲೋ?"

ಪರದೆಯ ಆಚೆಯಿಂದ ನನ್ನ ಹೆಂಡತಿ ನೀಲವ್ವ ಕೂಗಿದಳು. "ಐತಿ ಜೈತೂನಕ್ಕ. ಕುಂದ್ರು, ಚಾ ಇಟ್ಟೇನಿ. ನಿಮ್ಮವ್ವ ಎಷ್ಟೊತ್ತಿಗೆ ಬಂದು ಕುಂದರ್ತಿದ್ದಳು, ಅದನ್ನ ಹೇಳು ಮೊದಲ."

"ಒಂಬತ್ತೂವರಿಗೆ ಬುಟ್ಟಿ ಬಿಚ್ಚತಿದ್ಲು. ಶುಕ್ರವಾರ ಒಂದು ಬಿಟ್ಟು."

"ಹಂಗಾರ ನಾಳೆ ಬೇಸ್ತವಾರ. ನಾಳೇನ ಆಗ್ಲಿ," ಎಂದಳು ನೀಲವ್ವ. ನಾನೂ ಅದನ್ನೇ ಹೇಳುವವನಿದ್ದೆ, ಅವಳು ಬಾಯಿ ಮುಂದೆ ಹಾಕಿದಳು.

ಮರುದಿನ ಗೋದಾಮಿನ ಮುಂದೆ ಸೇರಿದ ಜನವನ್ನು ಕಂಡು ಇರುವೆಗಳು ನಾಚಿಕೊಂಡವು. ಒಂದು ಮೋಡ ಬಂದಿತ್ತು, ನಾನು ಹುಬ್ಬೇರಿಸಿ ನೋಡಿದೆ, ಹೋಯಿತು. ಮೂರನೇ ಮೆಟ್ಟಿಲಿನಿಂದ ಜೈತೂನಬಿಯನ್ನು ಎಬ್ಬಿಸಿ ಪಕ್ಕಕ್ಕೆ ನಿಲ್ಲಿಸಿದೆವು. ಸ್ಟೂಲು ಇಟ್ಟು, ಅದರ ಒಂದು ಕಾಲಿನ ಕೆಳಗೆ ಮಡಚಿದ ರಟ್ಟು ಕೊಟ್ಟು, ಕೆಂಪು ಕಿಟಕಿಯಲ್ಲಿ ಎಂಟು ಬರುವವರೆಗೆ ಕೀಲಿ ತಿರುಗಿಸಿದ್ದಾಯಿತು. ಆಮೇಲೆ ನಾನು ಮಾಡಿದ್ದನ್ನು ಈ ಜಗತ್ತಿನಲ್ಲಿ ಇನ್ನೊಬ್ಬನು ಮಾಡಲಾರ. ಎಡಗೈಯಲ್ಲಿ ಗಂಟೆ ಬಾರಿಸಿದೆ, ಬಲಗೈಯಲ್ಲಿ ಕಡ್ಡಿ ಒತ್ತಿದೆ, ಬಾಯಲ್ಲಿ ಆರರವರೆಗೆ ಎಣಿಸಿದೆ, ಮೂರೂ ಒಂದೇ ಕಾಲಕ್ಕೆ. ನೀಲವ್ವ ಸ್ಟೂಲು ಅಲುಗದಂತೆ ಬಗ್ಗಿ ಹಿಡಿದುಕೊಂಡಿದ್ದಳು, ಅಷ್ಟೇ. ಯಾರಾದರೂ ಹಿಡಿಯಬೇಕಲ್ಲ.

ಸಂಜೆಗೆ ಚಿತ್ರ ತೊಳೆದು ಹೊರಬಂತು. ಅಂಚೆಲ್ಲ ಹೊಗೆ, ಮೈತುಂಬ ರಾಗಿ ಚೆಲ್ಲಿದಂಥ ಚುಕ್ಕೆ, ಗೋದಾಮಿನ ಮಾಡಿನ ಮೇಲೆ ರೀಲಿನ ಹಿಂದಿನ ಕಾಗದದ ಎಂಟು ಎಂಬ ಅಂಕೆ ತೆಳ್ಳಗೆ ಅಚ್ಚಾಗಿತ್ತು. ಆದರೆ ನಡುವೆ, ಮೂರನೇ ಮೆಟ್ಟಿಲಿನ ಮೇಲೆ, ಸೆರಗನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡ ಹೆಂಗಸೊಬ್ಬಳು ಬಳೆ ಮಲಾರ ಬಿಚ್ಚುತ್ತಾ ಕೂತಿದ್ದಳು. ಜೈತೂನಬಿಯ ತಾಯಿ ಮೆಹಬೂಬಿ. ಅವಳ ಪಕ್ಕದಲ್ಲಿ ಏಳು ವರ್ಷದ ಹುಡುಗಿ, ಲಂಗ ಮೊಣಕಾಲಿನವರೆಗೆ ಏರಿಸಿಕೊಂಡು, ಬಾಯಿ ತೆರೆದು ನೆಟ್ಟಗೆ ನಮ್ಮನ್ನೇ ನೋಡುತ್ತಿದ್ದಳು.

ಜೈತೂನಬಿ ಚಿತ್ರದ ಮೇಲೆ ಬಗ್ಗಿದಳು. ಬೆರಳನ್ನು ಚಿತ್ರಕ್ಕೆ ತಾಗಿಸದೆ ಮೇಲೆಯೇ ಆಡಿಸಿದಳು. "ಅಮ್ಮಿ ನೋಡು. ಎಷ್ಟು ಸಣ್ಣಾಕಿ ಇದ್ಲು. ನನ್ನ ಮಗಳಿಗಿಂತ ಸಣ್ಣಾಕಿ," ಎಂದಳು. ಆಮೇಲೆ ತಲೆ ಎತ್ತಿ ನೀಲವ್ವನನ್ನು ನೋಡಿ ನಕ್ಕಳು. ನೀಲವ್ವನೂ ನಕ್ಕಳು. ಆ ನಗು ನನಗೆ ಸೇರಲಿಲ್ಲ. ನಾನು ಪುರಸಭೆಯ ಅರ್ಜಿ ತೆಗೆದು, 'ಚಿತ್ರ ತೆಗೆದವರು' ಎಂಬಲ್ಲಿ ಗುರುಪಾದ ಎಂದು ಸಹಿ ಹಾಕಿದೆ. ನನ್ನ ಸಹಿಯ ಬಾಲ ಎಷ್ಟು ಉದ್ದವೆಂದರೆ ಅದು ಅರ್ಜಿ ದಾಟಿ ಮೇಜಿನ ಮೇಲೆ ಹೋಗುತ್ತದೆ.

ಚಿತ್ರ ನೋಡಿದ ಅಧ್ಯಕ್ಷರಿಗೆ ಅಜ್ಜನ ಪುತ್ಥಳಿ ಕೈತಪ್ಪುವಂತೆ ಕಂಡಿತು. ಚಿತ್ರ ನಕಲಿ ಇರಬಹುದೆಂದು ತಕರಾರು ಬರೆಸಿದರು. ನಕಲಿ! ಅದೇ ರೀಲಿನ ಏಳು ಚಿತ್ರದಲ್ಲಿ ಬಂದ ಮೀಸೆ ಅಸಲಿ, ಎಂಟನೆಯದರಲ್ಲಿ ಬಂದ ಬಳೆಗಾರ್ತಿ ನಕಲಿ! ಇಂಥ ತಕರಾರು ಬಂದರೆ ನಮ್ಮೂರಿನಲ್ಲಿ ಎದುರುಮಾತು ನಡೆಯುತ್ತದೆ. ಚಿತ್ರ ತೆಗೆದವರು ತಾವು ಕಂಡದ್ದನ್ನು ಹೇಳಬೇಕು, ಚಿತ್ರದಲ್ಲಿ ಇದ್ದವರು ಬದುಕಿದ್ದರೆ ತಾವು ಕಂಡದ್ದನ್ನು ಹೇಳಬೇಕು. ಎರಡೂ ಹೊಂದಿದರೆ ಮುದ್ರೆ, ಹೊಂದದಿದ್ದರೆ ಚಿತ್ರ ರದ್ದು. ಒಬ್ಬರು ಹೇಳುವಾಗ ಇನ್ನೊಬ್ಬರ ಕಿವಿಗೆ ಗೋದಾಮಿನ ಅರಳೆ ತುರುಕಿರುತ್ತಾರೆ. ಅದೇ ಆ ನೋಟಿಸು. ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ನನ್ನ ಚಿತ್ರ ಎದುರುಮಾತಿಗೆ ಹೋಗಿರಲಿಲ್ಲ. ನನ್ನ ಗಿರಾಕಿಗಳ ಚಿತ್ರದಲ್ಲಿ ಇದ್ದವರೆಲ್ಲ ಪುಣ್ಯಾತ್ಮರು, ಸತ್ತಿರುತ್ತಿದ್ದರು.

ಬುಧವಾರ ನಾನು ರೇಷ್ಮೆ ರುಮಾಲು ಸುತ್ತಿಕೊಂಡು ಹೋದೆ. ವಾಮನರಾಯ ಎರಡು ಕನ್ನಡಕದ ಮನುಷ್ಯ, ಒಂದು ಮೂಗಿನ ಮೇಲೆ, ಇನ್ನೊಂದು ಹಣೆಯ ಮೇಲೆ. ಪಕ್ಕದ ಕುರ್ಚಿಯಲ್ಲಿ ಅಧ್ಯಕ್ಷರು ಎಲೆ ಮಡಚುತ್ತಿದ್ದರು. ನೀಲವ್ವ ಹಿಂದಿನ ಬೆಂಚಿನಲ್ಲಿ ಕೂತಳು. ಜೈತೂನಬಿ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಎರಡೂ ಕಿವಿಗೆ ಅರಳೆ ತುರುಕಿಸಿಕೊಂಡು, ಮೊಲದ ಹಾಗೆ ಕೂತಿದ್ದಳು.

"ಹೇಳ್ರಿ ಗುರುಪಾದಪ್ಪ. ಒತ್ತಿದವರು ಯಾರು?"

"ಈ ಊರಾಗ ಒತ್ತಾಕ ಇನ್ಯಾರಿದಾರ? ನಾನ!"

"ನಿಮ್ಮ ಜೋಡಿ ಯಾರಿದ್ರು?"

"ಸ್ಟೂಲು ಹಿಡಿಯಾಕ ನಮ್ಮಾಕಿ ಇದ್ಲು. ಬರಕೋರಿ, ಸ್ಟೂಲು ಹಿಡಿಯಾಕ."

"ಆ ಹುಡುಗಿ ಏನ್ ಮಾಡ್ತು?"

"ನನ್ನನ್ನ ನೋಡಿ ನಕ್ಕಿತು. ನಗದ ಏನ್ ಮಾಡ್ತದ? ಆರು ಎಣಿಸೋತನಾ ಹುಲಿ ಹಂಗ ನೋಡೇನಿ ಅದನ್ನ. ರೆಪ್ಪಿ ಬಡಿದಿಲ್ಲ. ಹದ್ದು ಬಂದು ರುಮಾಲಿನ ಮ್ಯಾಲ ಕುಂತ್ರೂ ಕೈ ಅಲಗಿಲ್ಲ. ಬರದ್ರೇನು, ಹದ್ದು?"

"ಹದ್ದು ಬ್ಯಾಡ," ಎಂದ ವಾಮನರಾಯ.

ಆಮೇಲೆ ಅರಳೆ ನನ್ನ ಕಿವಿಗೆ ಬಂತು. ಜಗತ್ತು ಬಾವಿಯೊಳಗೆ ಇಳಿದ ಹಾಗಾಯಿತು. ಜೈತೂನಬಿಯ ಬಾಯಿ ಆಡುತ್ತಿತ್ತು, ಸದ್ದಿಲ್ಲ. ಮೊದಲು ಅವಳು ಕೈಯೆತ್ತಿ ಹಿಂದಿನ ಬೆಂಚಿನತ್ತ ತೋರಿಸಿದಳು. ಎಲ್ಲರ ತಲೆ ಅತ್ತ ತಿರುಗಿತು. ಆಮೇಲೆ ನನ್ನತ್ತ ತೋರಿಸಿದಳು. ಎಲ್ಲರ ತಲೆ ನನ್ನತ್ತ ತಿರುಗಿತು. ಅವಳು ಎರಡೂ ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿ, ಮುಖ ಹಿಂಡಿ, ಗಾಳಿಯಲ್ಲಿ ಕೈ ಜೋರಾಗಿ ಅಲ್ಲಾಡಿಸಿದಳು. ಅಧ್ಯಕ್ಷರ ಬಾಯಿಂದ ಎಲೆ ಹೊರಬಿತ್ತು, ಹೊಟ್ಟೆ ಕುಲುಕುತ್ತಿತ್ತು. ಕೇಳಿಸದ ನಗೆಯಂಥ ಅವಮಾನ ಬೇರಿಲ್ಲ. ನಾನೇ ಅರಳೆ ಕಿತ್ತೆಸೆದೆ.

"ಏನಂತಾಳ? ಏನಂತಾಳ ಆಕಿ?"

ವಾಮನರಾಯ ಹಣೆಯ ಕನ್ನಡಕವನ್ನು ಕೆಳಗಿಳಿಸಿ ಪುಸ್ತಕದಿಂದ ಓದಿದ. "'ಸ್ಟೂಲಿನ ಮೇಲಿನ ಡಬ್ಬಿಯೊಳಗೆ ಬಗ್ಗಿ ನೋಡುತ್ತಾ ಒಬ್ಬ ಹೆಂಗಸು ನಿಂತಿದ್ದಳು. ಹಸಿರು ಅಂಚಿನ ಸೀರೆ. ಕಡ್ಡಿಯ ಮೇಲೆ ಅವಳ ಬೆರಳಿತ್ತು. ಅವಳು ತುಟಿ ಅಲುಗಿಸುತ್ತಾ ಎಣಿಸುತ್ತಿದ್ದಳು. ಅವಳ ಪಕ್ಕ ಒಬ್ಬ ಗಂಡಸು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಎರಡೂ ಕೈಯಿಂದ ಗಂಟೆ ಬಾರಿಸುತ್ತಿದ್ದನು. ಪಾಪ ಕುರುಡ, ದಾರಿ ಬಿಡು ಎಂದು ನನ್ನ ತಾಯಿ ಹೇಳಿದಳು.'"

ಕುರುಡ! ಸೂರ್ಯನನ್ನು ಬೈದವನನ್ನು ಬಳೆಗಾರ್ತಿಯೊಬ್ಬಳು ಕುರುಡ ಎಂದಳು, ಅದೂ ಐವತ್ತಾರು ವರ್ಷದ ಹಿಂದೆ! "ಏ ಜೈತೂನಬಿ, ಏಳು ವರ್ಷದ ಕೂಸಿಗೆ ಏನ್ ನೆನಪಿರ್ತೈತಿ? ಯಾರನ್ನೋ ನೋಡಿ ಯಾರೋ ಅಂದೀ!" ಎಂದು ಕೂಗಿದೆ.

"ನಾ ಹೆಂಗ ಮರೀಲಿ ಅಣ್ಣಾ?" ಎಂದಳು ಅವಳು, ಸಿಟ್ಟಿಲ್ಲದೆ. "ನೀಲವ್ವ ಈ ಊರಿಗೆ ಲಗ್ನಾಗಿ ಬಂದಾಗ ಬಳಿ ಇಟ್ಟಾಕಿ ನಾನ. ಕೈ ಹಿಡಿದು ಮಾರಿ ನೋಡಿದೆ, ಎದಿ ಧಸಕ್ಕಂತು. ಆವತ್ತಿಂದ ಹಲ್ಲಿನ ಹಿಂದ ಇಟಗೊಂಡೇನಿ. ನಿನ್ನ ಮೂಗೂ ವಯಸ್ಸಾದಂಗ ಆ ಮೂಗೇ ಆಗ್ತಾ ಬಂತು. ಮೊನ್ನೆ ಚಿತ್ರ ಆದ ಮ್ಯಾಲ ಹೇಳಬಹುದಿತ್ತು, ನೀನ ಹೇಳ್ತೀ ಅಂತ ಸುಮ್ಮನಿದ್ದೆ."

"ಹೇಳಿಕೆ ಹೊಂದೂದಿಲ್ಲ," ಎಂದ ವಾಮನರಾಯ. ಅವನಿಗೂ ಅದು ಇಷ್ಟವಿದ್ದಂತೆ ಕಾಣಲಿಲ್ಲ. "ಚಿತ್ರ ರದ್ದು ಮಾಡಬೇಕಾಗ್ತದ."

ಅಧ್ಯಕ್ಷರು ಎದ್ದು ಪಂಚೆ ಕೊಡವಿಕೊಂಡರು. "ಹಂಗಾರ ಸೋಮವಾರ ಕಲ್ಲು ಕೀಳಾಕ ಆಳು ಕಳಿಸ್ತೀನಿ."

ನಾನು ಜೈತೂನಬಿಯತ್ತ ತಿರುಗಿ ಪಿಸುಗುಟ್ಟಿದೆ. "ಅಲ್ಲವಾ, ನಿನ್ನ ಜಾಗಾ ನೀನ ಕಳಕೊಂಡಿ. ಗುರುಪಾದಣ್ಣ ಅಂದಿದ್ರ ಮುಗೀತಿತ್ತಲ್ಲ? ನಿನ್ನ ಗಂಟೇನ್ ಹೋಗ್ತಿತ್ತು?"

"ಸುಳ್ಳು ಹೇಳಿ ಕುಂದ್ರಾಕ ಅದು ಕಂಡವರ ಮೆಟ್ಟಲಲ್ಲ, ನಮ್ಮಮ್ಮಿದು," ಎಂದು ಅವಳು ಬುಟ್ಟಿಯ ಬಟ್ಟೆಯನ್ನು ಗಂಟು ಹಾಕತೊಡಗಿದಳು. ಗಂಟು ಕೂರಲಿಲ್ಲ, ಬಿಚ್ಚಿ ಮತ್ತೆ ಹಾಕತೊಡಗಿದಳು. ಒಳಗೆ ಬಳೆಗಳು ಸದ್ದು ಮಾಡಿದವು. ನಲವತ್ತೆರಡು ಮೆಟ್ಟಿಲು, ಎಂದುಕೊಂಡೆ. ಎಂದುಕೊಂಡು ಇನ್ನಷ್ಟು ಸಿಟ್ಟಾದೆ. ಎಲ್ಲರೂ ಸೇರಿ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿದ್ದರು ನೋಡಿ. ನನ್ನ ಹೆಸರು ಉಳಿದರೆ ಅವಳ ಮೆಟ್ಟಿಲು ಹೋಗುತ್ತದೆ, ಅವಳ ಮೆಟ್ಟಿಲು ಉಳಿಯಬೇಕಾದರೆ ನನ್ನ ಹೆಸರು ಹೋಗಬೇಕು. ಇದು ಯಾವ ನ್ಯಾಯ?

"ಪುಸ್ತಕ ಮುಚ್ಚೂದರೊಳಗ," ಎಂದ ವಾಮನರಾಯ ಪುಸ್ತಕವನ್ನು ಬಹಳ ನಿಧಾನವಾಗಿ ಮಡಚುತ್ತಾ, "ಸಹಿ ಹಾಕಿದವರು ತಮ್ಮ ಹೇಳಿಕೆ ತಿದ್ದೂದಿದ್ರ ತಿದ್ದಬಹುದು. ಆದ್ರ ಕಾರಣ ಹೇಳಬೇಕು. ಖರೇ ಕಾರಣ."

ನಾನು ಹಿಂದಿನ ಬೆಂಚನ್ನು ನೋಡಿದೆ. ನೀಲವ್ವ ನನ್ನನ್ನು ನೋಡುತ್ತಿರಲಿಲ್ಲ. ತನ್ನ ಬಲಗೈಯ ತೋರುಬೆರಳನ್ನು ನೋಡಿಕೊಳ್ಳುತ್ತಿದ್ದಳು. ತೊಳೆಯುವ ನೀರಿನ ಮದ್ದು ತಾಗಿ ತಾಗಿ ಅದರ ಉಗುರು ಕಂದುಬಣ್ಣಕ್ಕೆ ತಿರುಗಿತ್ತು. ನನ್ನ ಹತ್ತೂ ಉಗುರು ಹಾಲಿನಂತೆ ಬೆಳ್ಳಗಿದ್ದವು. ಅಧ್ಯಕ್ಷರು ಅದನ್ನು ಗಮನಿಸಿಯಾರೆಂದು, ರುಮಾಲು ಸರಿಮಾಡುವ ನೆಪದಲ್ಲಿ ಬೆರಳುಗಳನ್ನು ಅದರ ಮಡಿಕೆಯೊಳಗೆ ತೂರಿಸಿದೆ.

"ಆವತ್ತು," ಎಂದು ಶುರುಮಾಡಿದೆ, "ಮುಂಜಾನೆ ನಾಗರಹಾವು ಬಂದು ನನ್ನ ಬೆರಳಿಗೆ..."

"ಹಾವು ಬ್ಯಾಡ್ರಿ," ಎಂದಳು ನೀಲವ್ವ. ಬೆಂಚಿನಿಂದ ಏಳದೆ, ದನಿ ಎತ್ತದೆ.

ಮಡಚುತ್ತಿದ್ದ ಪುಸ್ತಕ ಅರ್ಧಕ್ಕೆ ನಿಂತಿತ್ತು.

"ಒತ್ತಿದಾಕಿ ಆಕಿ," ಎಂದೆ. "ನೀಲವ್ವ. ನಾ ಗಂಟಿ ಬಾರಿಸಿದೆ."

"ಈ ಚಿತ್ರ ಒಂದನ್ನೋ?"

"ಎಲ್ಲಾನೂ. ಇಪ್ಪತ್ತಾರು ವರ್ಷ. ನಿಮ್ಮ ಅಧ್ಯಕ್ಷರ ಅಜ್ಜನ ಮೀಸಿ ಹಿಡಿದಾಕೀನೂ ಆಕೀನ. ತೊಳಿಯಾಕಿ ಆಕಿ. ಸಹಿ ಹಾಕಾಂವ ಒಬ್ಬ ನಾನು. 'ಈ ಸಲ ನನ್ನ ಹೆಸರು ಬರೀರಿ, ಆ ಕೂಸು ನನ್ನ ಮಾರಿ ನೋಡೇತಿ' ಅಂತ ಆಕಿ ಅವತ್ತ ಸಂಜಿಕ ಅಂದಿದ್ಲು. ನಾ ಕೇಳಲಿಲ್ಲ."

ವಾಮನರಾಯ ಗುರುಪಾದ ಎಂಬುದರ ಮೇಲೆ ಗೆರೆ ಎಳೆದ. ನನ್ನ ಸಹಿಯ ಬಾಲ ಉದ್ದವಿದ್ದುದರಿಂದ ಗೆರೆಯೂ ಉದ್ದವಾಗಬೇಕಾಯಿತು. ಪಕ್ಕದಲ್ಲಿ ನೀಲವ್ವ ಎಂದು ಬರೆದ. ಬರೆದು ಮುದ್ರೆಯನ್ನು ಕೈಗೆತ್ತಿಕೊಂಡು, ಹಾಗೆಯೇ ಹಿಡಿದು, "ಕಾರಣ?" ಎಂದ.

"ಕಾರಣ ಏನೈತಿ? ನನಗ ಒತ್ತಾಕ ಆಗೂದಿಲ್ಲ."

"ಯಾಕ?"

ಯಾಕೆ ಎಂದು ಕೇಳಲು ಅವನಿಗೆ ಎಷ್ಟು ಧೈರ್ಯ! ನೀಲವ್ವನೇ ಇಷ್ಟು ವರ್ಷ ಕೇಳಿರಲಿಲ್ಲ. ಮೊದಲ ವಾರ ಒಮ್ಮೆ ಕೇಳಿದಳು, ನಾನು ಕೈಗೆ ಸಿಡಿಲು ಬಡಿದಿದೆ ಎಂದೆ, ಅವಳು ಕ್ಯಾಮೆರಾ ಎತ್ತಿಕೊಂಡಳು, ಅಲ್ಲಿಗೆ ಮುಗಿಯಿತು. ಜೈತೂನಬಿ ಗಂಟು ಹಾಕುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಏಳು ವರ್ಷದ ಹುಡುಗಿ ಮೆಟ್ಟಿಲಿನ ಮೇಲಿಂದ ನೋಡಿದ ನೋಟ ಅದು. ನನಗೆ ಆ ನೋಟ ಗೊತ್ತಿಲ್ಲ, ನಾನು ಆಗ ಕಣ್ಣು ಮುಚ್ಚಿದ್ದೆ.

ಹೇಳಿದೆ. ನನಗೆ ಮೂರು ತುಂಬುವ ಮೊದಲೇ ನನ್ನ ತಾಯಿ ಹೋದಳು. ಮುಖ ನೆನಪಿಲ್ಲ, ಪಟವಿಲ್ಲ. ಮೂವತ್ತಾರನೇ ವಯಸ್ಸಿನಲ್ಲಿ ನಾನು ಈ ಡಬ್ಬಿಯನ್ನೂ ಅರವತ್ತಮೂರನೇ ಇಸವಿಯ ಒಂದು ರೀಲನ್ನೂ ಸಂಪಾದಿಸಿದ್ದು ಫೋಟೋದ ಹುಚ್ಚಿಗಲ್ಲ, ಊರಿಗೆ ಉಪಕಾರ ಮಾಡಲೂ ಅಲ್ಲ. ನಮ್ಮ ಹಳೆಯ ಮನೆಯ ಮುಂದಿನ ನಲ್ಲಿಗೆ ಅವಳು ಮುಂಜಾನೆ ನೀರಿಗೆ ಬರುತ್ತಿದ್ದಳೆಂದು ಯಾರೋ ಹೇಳಿದ್ದರು. ಸ್ಟೂಲು ಇಟ್ಟೆ, ಗಂಟೆ ಬಾರಿಸಿದೆ, ಒತ್ತಿದೆ. ಬಂದಳು. ಮೊದಲನೇ ಚಿತ್ರಕ್ಕೇ ಬಂದಳು. ಒಂದು ಕೈಯಲ್ಲಿ ಕೊಡ, ಸೊಂಟದ ಮೇಲೆ ವರ್ಷದ ಕೂಸು. ಅವಳಿಗೆ ಇಪ್ಪತ್ತೂ ಆಗಿರಲಿಕ್ಕಿಲ್ಲ. ಗಾಜಿನಲ್ಲಿ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ.

"ಗುರುತು ಹಿಡೀಲಿಲ್ರಿ," ಎಂದೆ ವಾಮನರಾಯನಿಗೆ. ನನ್ನ ದನಿ ಏರಿತು, ಏರಲೇಬೇಕಲ್ಲ. "ಹೆತ್ತಾಕಿ! ಹೆತ್ತ ಮಗ ಎದುರಿಗೆ ನಿಂತಾನ, ಗುರುತು ಹಿಡೀಬಾರ್ದಾ? ಯಾವನೋ ಪರದೇಶಿ ಗಂಡಸು ನನ್ನ ದಿಟ್ಟಿಸಿ ನೋಡ್ತಾನ ಅಂತ ತಲಿಮ್ಯಾಲ ಸೆರಗು ಎಳಕೊಂಡ್ಲು. ಸೊಂಟದ ಮ್ಯಾಲಿನ ಕೂಸು ನನ್ನ ನೋಡಿ ಕಿಟಾರನ ಕಿರುಚಿ ಅಳಾಕ ಹತ್ತಿತು. ಆ ಕೂಸಿನ ಮಾರಿಗೂ ಸೆರಗು ಮುಚ್ಚಿದ್ಲು. ಮುಚ್ಚಿ, ನನ್ನ ಕಡೆ ಮೂರು ಸಲ ಥೂ ಥೂ ಥೂ ಅಂತ ದೃಷ್ಟಿ ಉಗುಳಿದ್ಲು. ಯಾರ ದೃಷ್ಟಿರೀ? ನನ್ನದು. ಯಾರಿಗೆ ಆಗಬಾರದಂತ? ನನಗ!"

ಅಧ್ಯಕ್ಷರು ಕುರ್ಚಿಯಲ್ಲಿ ಮತ್ತೆ ಕೂತಿದ್ದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

"ಅವತ್ತಿಂದ ಗಾಜಿನ್ಯಾಗ ನೋಡಾಕ ನನ್ನ ಕಡಿಂದ ಆಗೂದಿಲ್ಲ," ಎಂದೆ. "ಬರಕೋರಿ. ಅಂಜಿಕಿ ಅಂತ ಬರಕೋರಿ. ಸಿಟ್ಟು ಅಂತ ಬೇಕಾದ್ರೂ ಬರಕೋರಿ."

ವಾಮನರಾಯ ಏನು ಬರೆದುಕೊಂಡನೋ ನಾನು ನೋಡಲಿಲ್ಲ. ಆಮೇಲೆ ಚಿತ್ರದ ಹಿಂಭಾಗಕ್ಕೆ ಮುದ್ರೆ ಬಿತ್ತು. ಮೂರನೇ ಮೆಟ್ಟಿಲು ಜೈತೂನಬಿಯದೆಂದು ಅವನು ಗಟ್ಟಿಯಾಗಿ ಓದಿದ. ಅವಳು ಚಿತ್ರವನ್ನು ಬಳೆಗಳ ನಡುವೆ ಇಟ್ಟುಕೊಂಡು ಎದ್ದಳು. ನೀಲವ್ವನ ಹತ್ತಿರ ಹೋಗಿ, ಅವಳ ಬಲಗೈ ಹಿಡಿದು, ಬುಟ್ಟಿಯಿಂದ ಒಂದೊಂದೇ ಹಸಿರು ಬಳೆ ತೆಗೆದು ಏರಿಸತೊಡಗಿದಳು. ಅಧ್ಯಕ್ಷರು ಹೊರಟುಹೋದರು.

ವಾಮನರಾಯ ಪುಸ್ತಕ ಮುಚ್ಚಿ, ಎರಡೂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಬರೀ ಕಣ್ಣಿನಲ್ಲಿ ಅವನು ಬೇರೆ ಯಾರೋ ಆಗಿ ಕಂಡ.

"ಮತ್ತ, ಆ ಚಿತ್ರ ಐತೇನ್ರಿ?" ಎಂದು ಕೇಳಿದ. "ನಿಮ್ಮವ್ವಂದು?"

ಮನೆಯ ಗೋಡೆಯ ಮೇಲೆ ಆಳೆತ್ತರದ್ದು ಇದೆ ಎನ್ನಬಹುದಿತ್ತು. ನೋಡಿದವರೆಲ್ಲ ಕೈಮುಗಿಯುತ್ತಾರೆ ಎನ್ನಬಹುದಿತ್ತು. ಬಾಯಿಗೆ ಬಂದಿತ್ತು ಕೂಡ.

"ಇಲ್ಲ," ಎಂದೆ. "ಮಿಕ್ಕ ಏಳಕ್ಕೂ ನೀಲವ್ವ ಒತ್ತಿದ್ಲು, ನಮ್ಮವ್ವ ಮತ್ತ ಬರಲಿಲ್ಲ. ಆಕಿ ಬಂದ ಆ ಒಂದಕ್ಕ ನಾಲ್ಕು ಎಣಿಸಬೇಕಿತ್ತು. ನಾ ಎರಡಕ್ಕ ಕೈ ತಗದೆ."